ಮೀನಿರೋದು ಬೊಡ್ಡೆ ಹತ್ರ, ಪ್ರೊಪೆಲ್ಲರ್ ಮುರಿಯೋದೂ ಅಲ್ಲೇ

ಬಾಸ್ ಅಂದರೆ ನಮ್ಮ ಕ್ಯಾಂಪಸ್ಸಿನಲ್ಲಿ ಬೇರೆಯೇ ಅರ್ಥ. ಈ ಲೇಖನದಲ್ಲಿ ಮಾತ್ರ ಅದು ಒಂದು ಮೀನು. ಪೂರ್ತಿ ಹೆಸರು ಲಾರ್ಜ್‌ಮೌತ್ ಬಾಸ್. ಉತ್ತರ ಅಮೆರಿಕದ ಕೆರೆ, ನದಿ, ಜಲಾಶಯಗಳಲ್ಲಿರುವ ಸಿಹಿನೀರಿನ ಮೀನು. ಮೈ ಹಸಿರು, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ, ದವಡೆ ಕಣ್ಣಿಗಿಂತ ಹಿಂದಕ್ಕೂ ಹೋಗುವಷ್ಟು ದೊಡ್ಡ ಬಾಯಿ. ಅಮೆರಿಕದಲ್ಲಿ ಗಾಳ ಹಾಕೋರಲ್ಲಿ ಬಹಳ ಜನ ಇದರ ಹಿಂದೆಯೇ ಬಿದ್ದಿರ್ತಾರೆ. ಇದಕ್ಕಂತಲೇ ಬೇರೆ ಥರದ ದೋಣಿ, ಬೇರೆ ಥರದ ಮೋಟಾರು, ಟೂರ್ನಮೆಂಟು ಎಲ್ಲಾ ಇವೆ.

ಈ ವಿಷಯ ನಮ್ಮ ಕೈಗೆ ಬಂದದ್ದು ಸಿಲೆಬಸ್ಸಿನಿಂದಲ್ಲ. ನಮ್ಮ ಸ್ಟಡಿ ಗ್ರೂಪಿನಲ್ಲಿ ಮೂರು ಜನ ಮೆಕ್ಯಾನಿಕಲ್, ಒಬ್ಬಳು ಇಸಿ. ನಮ್ಮಲ್ಲೊಬ್ಬನ ಚಿಕ್ಕಪ್ಪ ಟೆಕ್ಸಾಸಿನ ಡಲ್ಲಾಸ್ ಕಡೆ ಇದ್ದಾರೆ. ಅವರು ಒಂದು ಹಳೇ ಬಾಸ್ ಬೋಟು ನೋಡಿಟ್ಟಿದ್ದಾರೆ: 17 ಅಡಿ, ಫೈಬರ್‌ಗ್ಲಾಸ್, 90 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟಾರು, ಜೊತೆಗೆ ಟ್ರೇಲರ್. ಫೋಟೋ, ವಿಡಿಯೋ ಎಲ್ಲಾ ಕಳಿಸಿ, "ಏನ್ರಪ್ಪಾ, ನಾಲ್ಕು ಜನ ಇಂಜಿನಿಯರಿಂಗ್ ಓದ್ತಿದೀರಲ್ಲ, ತಗೋಬಹುದಾ ಬೇಡ್ವಾ ಹೇಳಿ. ಪಾಪೂನೂ ಕೂತ್ಕೋತಾಳೆ ಅದ್ರಲ್ಲಿ" ಅಂದ್ರು. ಪಾಪುಗೆ ಎಂಟು ವರ್ಷ. ಆ ಕೊನೇ ಮಾತಿನಿಂದಾಗಿ ನಾವು ಇದನ್ನ ಪರೀಕ್ಷೆಗಿಂತ ಸೀರಿಯಸ್ಸಾಗಿ ಓದಿದ್ವಿ.

ಓದ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯ್ತು. ಮೀನು ಹಿಡಿಯೋದು ಒಂದು ಪಾಠ, ದೋಣಿ ರಿಪೇರಿ ಇನ್ನೊಂದು ಪಾಠ ಅಂತ ಬೇರೆ ಬೇರೆ ಇಡೋಕಾಗಲ್ಲ. ಬಾಸ್ ಬೋಟು ಎಲ್ಲಿ ಕೆಡುತ್ತೆ ಅನ್ನೋದಕ್ಕೆ ಅರ್ಧ ಉತ್ತರ ಬಾಸ್ ಎಲ್ಲಿರುತ್ತೆ ಅನ್ನೋದರಲ್ಲೇ ಇದೆ. ಹಾಗಾಗಿ ಮೊದಲು ಮೀನು, ಆಮೇಲೆ ಮೋಟಾರು.

ಮುಳುಗಿದ ಕಾಡು

ಚಿಕ್ಕಪ್ಪ ಹೋಗಬೇಕೆಂದಿರೋದು ಲೇಕ್ ಫೋರ್ಕ್ ಅನ್ನೋ ಜಲಾಶಯಕ್ಕೆ. ಡಲ್ಲಾಸಿನಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆ ದಾರಿ. ಇದರ ಅಣೆಕಟ್ಟು ಮುಗಿದದ್ದು 1980ರಲ್ಲಿ. ವಿಸ್ತೀರ್ಣ ಸುಮಾರು 27,000 ಎಕರೆ. ನೀರು ನಿಲ್ಲಿಸುವಾಗ ಇಲ್ಲಿನ ಮರಗಳಲ್ಲಿ ಬಹಳಷ್ಟನ್ನು ಕಡಿಯದೆ ಹಾಗೇ ಬಿಟ್ಟರು, ಫ್ಲಾರಿಡಾ ತಳಿಯ ಬಾಸ್ ಮರಿಗಳನ್ನೂ ಬಿಟ್ಟರು. ಮರಗಳು ಸತ್ತವು, ಮೀನುಗಳು ಬೆಳೆದವು. ಟೆಕ್ಸಾಸಿನ ಅತಿ ದೊಡ್ಡ ಬಾಸ್ ಎಂದು ದಾಖಲಾದ 18.18 ಪೌಂಡಿನ, ಅಂದರೆ ಸುಮಾರು 8.25 ಕಿಲೋ ತೂಕದ ಮೀನು 1992ರಲ್ಲಿ ಸಿಕ್ಕಿದ್ದು ಇಲ್ಲೇ.

ಬಾಸ್ ಮೀನು ಬೇಟೆಯನ್ನ ದೂರದ ತನಕ ಅಟ್ಟಿಸಿಕೊಂಡು ಹೋಗೋದು ಕಮ್ಮಿ. ಮರದ ಬೊಡ್ಡೆ, ಬಂಡೆ, ಜೊಂಡು, ದೋಣಿಕಟ್ಟೆಯ ನೆರಳು, ಇಂಥ ಕಡೆ ಅವಿತು ಕೂತು ಹತ್ತಿರ ಬಂದದ್ದನ್ನ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತೆ. ಹಾಗಾಗಿ ಬಯಲು ನೀರಿನಲ್ಲಿ ಗಾಳ ಬೀಸಿದರೆ ಕೈ ನೋವು ಮಾತ್ರ ಲಾಭ. ಬೊಡ್ಡೆಗೆ ಒಂದು ಗೇಣು ಹತ್ತಿರ ಬೀಳಿಸಬೇಕು.

ಹತ್ತಿರ ಬೀಳಿಸಿದರೆ ಗಾಳ ಮರಕ್ಕೇ ಸಿಕ್ಕಿಹಾಕಿಕೊಳ್ಳಲ್ವಾ ಅಂತ ನೀವು ಕೇಳ್ತೀರಿ. ಅದಕ್ಕೇ ಟೆಕ್ಸಾಸ್ ರಿಗ್ ಇರೋದು. ಗುಂಡಿನಾಕಾರದ ಒಂದು ತೂಕ ದಾರದಲ್ಲಿ ಜಾರುತ್ತಾ ಇರುತ್ತೆ. ಅದರ ಕೆಳಗೆ ಗಾಳ, ಗಾಳಕ್ಕೆ ಮೆತ್ತನೆ ಪ್ಲಾಸ್ಟಿಕ್ಕಿನ ಹುಳು. ಗಾಳದ ಮೊನೆಯನ್ನ ಹುಳುವಿನ ಮೈಯೊಳಗೇ ಮುಚ್ಚಿಡ್ತಾರೆ. ಕೊಂಬೆಗೆ ತಾಗಿದರೆ ಜಾರಿಕೊಂಡು ಬರುತ್ತೆ; ಮೀನು ಕಚ್ಚಿದಾಗ ಕೋಲನ್ನ ಜೋರಾಗಿ ಎಳೆದರೆ ಮೊನೆ ಪ್ಲಾಸ್ಟಿಕ್ ಸೀಳಿಕೊಂಡು ದವಡೆಗೆ ಇಳಿಯುತ್ತೆ. ಬೀಸಿ, ತಳ ಮುಟ್ಟೋ ತನಕ ಬಿಟ್ಟು, ಕೋಲಿನ ತುದಿ ನಿಧಾನಕ್ಕೆ ಎತ್ತಿ, ಮತ್ತೆ ಬೀಳಲು ಬಿಡಬೇಕು. ಮೀನು ಕಚ್ಚೋದು ಹೆಚ್ಚಾಗಿ ಬೀಳುವಾಗಲೇ. ಕೈಗೆ ಗೊತ್ತಾಗೋ ಮೊದಲೇ ದಾರ ಪಕ್ಕಕ್ಕೆ ಸರಿಯೋದು ಕಣ್ಣಿಗೆ ಕಾಣಬಹುದು. ಹಾಗಾಗಿ ನೋಡಬೇಕಾದ್ದು ನೀರನ್ನಲ್ಲ, ದಾರವನ್ನ.

ಕ್ರ್ಯಾಂಕ್‌ಬೈಟ್ ಅನ್ನೋದು ಇದಕ್ಕೆ ಪೂರಾ ಉಲ್ಟಾ. ಮೀನಿನ ಆಕಾರದ ಗಟ್ಟಿ ಗೊಂಬೆ, ಮುಂದೆ ಒಂದು ಪ್ಲಾಸ್ಟಿಕ್ ತುಟಿ. ಎಳೆದಾಗ ತುಟಿಯ ಮೇಲೆ ನೀರಿನ ಒತ್ತಡ ಬಿದ್ದು ಅದು ಕೆಳಗೆ ಮುಳುಗುತ್ತೆ, ಅಲ್ಲಾಡುತ್ತೆ. ಇದನ್ನ ಬೇಕಂತಲೇ ಬೊಡ್ಡೆಗೆ ಗುದ್ದಿಸಬೇಕು. ಗುದ್ದಿ ಪಕ್ಕಕ್ಕೆ ಚಿಮ್ಮಿದ ಕ್ಷಣದಲ್ಲೇ ಬಾಸ್ ಮೇಲೆ ಬೀಳೋದು ಜಾಸ್ತಿ. ನೀರು ಕದಡಿದ್ದಾಗ ಸ್ಪಿನ್ನರ್‌ಬೈಟ್ ಒಳ್ಳೇದು. ಅದರಲ್ಲಿ ಗುಂಡನೆಯ ಕೊಲೊರಾಡೊ ಬ್ಲೇಡು ನೀರನ್ನ ಜೋರಾಗಿ ಬಡಿಯುತ್ತೆ, ಉದ್ದನೆಯ ವಿಲೋ ಬ್ಲೇಡು ಹೆಚ್ಚು ಹೊಳೆಯುತ್ತೆ, ಬಡಿಯೋದು ಕಮ್ಮಿ. ಮೀನಿನ ಪಕ್ಕೆಯಲ್ಲಿರೋ ಲ್ಯಾಟರಲ್ ಲೈನ್ ಅಂಗ ನೀರಿನ ಈ ಅಲುಗಾಟವನ್ನ ಹಿಡಿಯುತ್ತೆ. ಕಣ್ಣಿಗೆ ಕಾಣದಿದ್ರೂ ಸೆನ್ಸರ್ ಕೆಲಸ ಮಾಡ್ತಿರುತ್ತೆ.

ದಾರದ ವಿಷಯದಲ್ಲಿ ಫ್ಲೋರೋಕಾರ್ಬನ್ "ನೀರಿನಲ್ಲಿ ಕಾಣೋದೇ ಇಲ್ಲ" ಅಂತ ಜಾಹೀರಾತು ಹೇಳುತ್ತೆ. ಲೆಕ್ಕ ನೋಡಿ: ನೀರಿನ ವಕ್ರೀಭವನ ಸೂಚ್ಯಂಕ 1.33, ಫ್ಲೋರೋಕಾರ್ಬನ್ನಿನದು 1.42, ನೈಲಾನ್‌ದು ಸುಮಾರು 1.53. ಅಂದರೆ ಕಮ್ಮಿ ಕಾಣುತ್ತೆ, ಮಾಯ ಆಗಲ್ಲ. ಅದರ ನಿಜವಾದ ಲಾಭ ಸಾಂದ್ರತೆಯಲ್ಲಿದೆ ಅಂತ ನಮಗನ್ನಿಸುತ್ತೆ. ಸುಮಾರು 1.78 ಇರೋದರಿಂದ ಬೇಗ ಮುಳುಗಿ ದಾರವನ್ನ ನೇರವಾಗಿ ಇಡುತ್ತೆ, ಕಚ್ಚಿದ್ದು ಕೈಗೆ ಗೊತ್ತಾಗುತ್ತೆ.

ಋತುವಿನ ಪಾಠ ಸಣ್ಣದು. ವಸಂತದಲ್ಲಿ ನೀರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಬಾಸ್ ಮೊಟ್ಟೆ ಇಡಲು ದಡದ ಕಡೆ, ತೆಳು ನೀರಿಗೆ ಬರುತ್ತೆ. ಗೂಡು ಕಾಯೋದು ಗಂಡು. ಬೇಸಿಗೆಯಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಎಂದು ಜಲಾಶಯ ಪದರಪದರವಾಗುತ್ತೆ. ನಡುವಿನ ಗೆರೆಗೆ ಥರ್ಮೋಕ್ಲೈನ್ ಅಂತಾರೆ. ಅದರ ಕೆಳಗೆ ಆಮ್ಲಜನಕ ತೀರಾ ಕಮ್ಮಿ ಆಗಿಬಿಡಬಹುದು. ಆಗ ತಳದಲ್ಲಿ ಎಷ್ಟು ಹೊತ್ತು ಗಾಳ ಬಿಟ್ಟರೂ ಅಲ್ಲಿ ಮೀನೇ ಇರಲ್ಲ.

ಈ ಗೆರೆಯನ್ನ ಸೋನಾರ್ ಪರದೆಯಲ್ಲಿ ಮಸುಕಾದ ಪಟ್ಟಿಯಾಗಿ ನೋಡಬಹುದು. ಸೋನಾರ್ ಕೆಲಸ ನಮಗೆ ಹೊಸದೇನಲ್ಲ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1480 ಮೀಟರ್. 6 ಮೀಟರ್ ಆಳಕ್ಕೆ ಹೋಗಿಬರಲು 8 ಮಿಲಿಸೆಕೆಂಡ್. 200 ಕಿಲೋಹರ್ಟ್ಸ್‌ನಲ್ಲಿ ತರಂಗದುದ್ದ 7.4 ಮಿಲಿಮೀಟರ್. 20 ಡಿಗ್ರಿ ಕೋನದ ಬೀಮಾದರೆ ಆ ಆಳದಲ್ಲಿ ಕಾಣೋದು ಸುಮಾರು 2 ಮೀಟರ್ ಅಗಲದ ವೃತ್ತ ಅಷ್ಟೇ. ಪರದೆಯಲ್ಲಿ ಮೀನು ಕಾಣಿಸ್ತು ಅಂದ್ರೆ ಅದು ದೋಣಿಯ ಕೆಳಗಿದೆ ಅಂತರ್ಥ, ಎಡಕ್ಕೋ ಬಲಕ್ಕೋ ಗೊತ್ತಾಗಲ್ಲ. ಈ ಸೋನಾರಿನ ಸೆನ್ಸರನ್ನ ಎಲ್ಲಿ ಕೂರಿಸಿರ್ತಾರೆ ಅನ್ನೋದನ್ನ ಮಾತ್ರ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ: ದೋಣಿಯ ಹಿಂದಿನ ಗೋಡೆಗೆ, ನೀರಿನ ಮಟ್ಟದ ಕೆಳಗೆ, ಸ್ಕ್ರೂ ಹಾಕಿ.

ಮೋಟಾರಿನ ಕೆಳತುದಿ

ಲೇಕ್ ಫೋರ್ಕಿನಲ್ಲಿ ಮರಗಳ ನಡುವೆ ದೋಣಿ ದಾರಿಗಳನ್ನ ಬೋಯ್ ಕಟ್ಟಿ ಗುರುತಿಸಿದ್ದಾರೆ. ಮೀನಿರೋದು ಆ ದಾರಿಯಿಂದಾಚೆ. ಆದ್ದರಿಂದ ಇಂಥ ಜಲಾಶಯದಲ್ಲಿ ಓಡಿದ ಹಳೇ ದೋಣಿಯ ಮೋಟಾರು ಬೊಡ್ಡೆಗೆ ಗುದ್ದಿರುತ್ತೆ ಅಂತಲೇ ಅಂದುಕೊಂಡು ನೋಡೋಕೆ ಶುರು ಮಾಡಬೇಕು.

ಮೊದಲು ಪ್ರೊಪೆಲ್ಲರಿನ ಕೆಳಗಿರೋ ಸ್ಕೆಗ್, ಅಂದರೆ ಮೋಟಾರಿನ ತೀರಾ ಕೆಳಗಿನ ರೆಕ್ಕೆ. ಅದು ಮುರಿದು ವೆಲ್ಡ್ ಆಗಿದ್ದರೆ ಪೆಟ್ಟು ಬಿದ್ದಿದೆ ಅಂತ ತಿಳಿಯಿತು. ಹೊಸ ಪೇಂಟು ಕಂಡರೆ ಇನ್ನೂ ಹತ್ತಿರ ಹೋಗಿ ನೋಡಿ. ಆಮೇಲೆ ಮೋಟಾರ್ ಆಫ್ ಮಾಡಿ, ಕೀ ತೆಗೆದು, ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ, ನ್ಯೂಟ್ರಲ್ಲಿಗೆ ಹಾಕಿ. ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಒಂದು ಕಡ್ಡಿಯ ಮೊನೆ ಹಿಡಿದು ಕೈಯಿಂದ ತಿರುಗಿಸಿ. ಕಡ್ಡಿಗೂ ಶಾಫ್ಟಿಗೂ ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಶಾಫ್ಟು ಬಾಗಿದೆ. ನಮ್ಮ ವರ್ಕ್‌ಶಾಪಿನಲ್ಲಿ ಡಯಲ್ ಗೇಜ್ ಹಿಡಿದು ಲೇತ್ ಮೇಲೆ ರನೌಟ್ ನೋಡ್ತೀವಲ್ಲ, ಅದೇ ಪಾಠ, ಉಪಕರಣ ಮಾತ್ರ ಬೀದಿಬದಿಯದು.

ಪ್ರೊಪೆಲ್ಲರಿನ ಒಳಗೆ ರಬ್ಬರಿನ ಒಂದು ಹಬ್ ಇರುತ್ತೆ. ಬೊಡ್ಡೆಗೆ ಗುದ್ದಿದಾಗ ಗೇರು ಮುರಿಯದಿರಲಿ ಅಂತ ಅದು ಜಾರುತ್ತೆ. ಒಮ್ಮೆ ಜಾರಿ ಸಡಿಲವಾದ ಹಬ್ ಆಮೇಲೆ ಸುಮ್ಮನೆ ವೇಗ ಹೆಚ್ಚಿಸಿದಾಗಲೂ ಜಾರುತ್ತೆ. ಇಂಜಿನ್ ಕೂಗುತ್ತೆ, ದೋಣಿ ಹೋಗಲ್ಲ. ಕ್ಲಚ್ ಪ್ಲೇಟ್ ಸವೆದ ಬೈಕು ಓಡಿಸಿದವರಿಗೆ ಇದರ ಅನುಭವ ಇದ್ದೇ ಇರುತ್ತೆ.

ಈಗ ನಮಗೆ ಅತಿ ಇಷ್ಟವಾದ ಭಾಗ. ಕಳೆದುಹೋದ ಗಾಳದ ದಾರ ನೀರಿನಲ್ಲಿ ತೇಲ್ತಾ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತೆ. ಹೊರಗೆ ಕಾಣೋ ದಾರ ಕಿತ್ತು ಬಿಸಾಕಬಹುದು. ಆದರೆ ಒಂದೆರಡು ಸುತ್ತು ಪ್ರೊಪೆಲ್ಲರಿನ ಹಿಂದೆ, ಶಾಫ್ಟಿನ ಮೇಲೆ ಉಳಿದು, ಬಿಸಿಯಾಗಿ, ಅಲ್ಲಿರೋ ಆಯಿಲ್ ಸೀಲನ್ನ ಕೊಯ್ದುಬಿಡುತ್ತೆ. ಆ ಸೀಲಿನ ಈಚೆ ನೀರು, ಆಚೆ ಗೇರ್ ಆಯಿಲ್. ಮೀನಿಗೆ ಕಾಣದಿರಲಿ ಅಂತ ದುಡ್ಡು ಕೊಟ್ಟು ತಂದ ದಾರವೇ ಗೇರುಪೆಟ್ಟಿಗೆಗೆ ನೀರು ಬಿಡುತ್ತೆ ನೋಡಿ! ಅದಕ್ಕೇ ವರ್ಷಕ್ಕೆ ಒಂದೆರಡು ಸಲವಾದರೂ ಪ್ರೊಪೆಲ್ಲರ್ ಬಿಚ್ಚಿ ನೋಡಬೇಕು.

ಸೀಲು ಹೋಗಿದೆಯಾ ಅಂತ ತಿಳಿಯೋಕೆ ಗೇರ್ ಆಯಿಲ್ ನೋಡಿದರೆ ಸಾಕು. ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ದೋಣಿ ಒಂದು ರಾತ್ರಿ ನಿಂತಿದ್ದರೆ ನೀರು ತಳಕ್ಕೆ ಕೂತಿರುತ್ತೆ, ಮೊದಲು ಅದೇ ಬರುತ್ತೆ. ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಬಂದರೆ ನೀರು ಸೇರಿ ಕಲಸಿದೆ. ಸ್ಕ್ರೂ ತುದಿಯ ಅಯಸ್ಕಾಂತಕ್ಕೆ ನುಣ್ಣನೆ ಪೇಸ್ಟ್ ಅಂಟಿದ್ದರೆ ಮಾಮೂಲು ಸವೆತ, ಚೂರುಗಳಿದ್ದರೆ ಗೇರಿನ ಹಲ್ಲು. ವಾಪಸ್ ತುಂಬುವಾಗ ಕೆಳಗಿನ ತೂತಿನಿಂದ ಮೇಲಕ್ಕೆ ಪಂಪ್ ಮಾಡಬೇಕು, ಮೇಲಿನ ತೂತಿನಿಂದ ಆಯಿಲ್ ಹೊರಬರೋ ತನಕ. ಮೇಲಿಂದ ಸುರಿದರೆ ಒಳಗೆ ಗಾಳಿ ಉಳಿಯುತ್ತೆ. ಎರಡೂ ಸ್ಕ್ರೂಗಳಿಗೆ ಹೊಸ ವಾಷರ್. ನೀರು ಹೊಕ್ಕ ಗೇರುಪೆಟ್ಟಿಗೆಯನ್ನ ಹಾಗೇ ಚಳಿಗಾಲಕ್ಕೆ ಬಿಟ್ಟರೆ, ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗಿ ಅಲ್ಯುಮಿನಿಯಂ ಪೆಟ್ಟಿಗೆಯನ್ನೇ ಸೀಳಬಹುದು. ಡಲ್ಲಾಸಿನಲ್ಲಿ ಆ ಚಳಿ ಬೀಳುತ್ತೆ.

ಕೂಲಿಂಗ್ ಬಗ್ಗೆ ಎರಡು ಮಾತು. ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ, ಕೆರೆಯೇ ರೇಡಿಯೇಟರ್. ರಬ್ಬರ್ ರೆಕ್ಕೆಗಳ ಇಂಪೆಲ್ಲರ್ ಕೆಳಗಿನಿಂದ ನೀರೆತ್ತಿ ಕಳಿಸುತ್ತೆ, ಹಿಂಬದಿಯ ಸಣ್ಣ ತೂತಿನಿಂದ ಒಂದು ಧಾರೆ ಹೊರಗೆ ಚಿಮ್ಮುತ್ತೆ. ಧಾರೆ ಸೊರಗಿದರೆ ಇಂಜಿನ್ ನಿಲ್ಲಿಸಬೇಕು. ನೀರಿಲ್ಲದೆ ಸ್ವಲ್ಪ ಹೊತ್ತು ಓಡಿಸಿದರೂ ರಬ್ಬರ್ ಸುಟ್ಟುಹೋಗುತ್ತೆ, ಹಾಗಾಗಿ ಮನೆ ಮುಂದೆ ಸ್ಟಾರ್ಟ್ ಮಾಡಿ ತೋರಿಸುವಾಗ ಹೋಸ್ ಪೈಪಿನ ನೀರು ಜೋಡಿಸಿರಲೇಬೇಕು. ಮಾರುವವರು ನೀರಿಲ್ಲದೆ ಸ್ಟಾರ್ಟ್ ಮಾಡಿ "ನೋಡಿ, ಎಷ್ಟು ಚೆನ್ನಾಗಿದೆ" ಅಂದರೆ, ಇಷ್ಟು ವರ್ಷ ಅದನ್ನ ಹೇಗೆ ನೋಡಿಕೊಂಡಿದ್ದಾರೆ ಅನ್ನೋದು ತಿಳಿದ ಹಾಗಾಯ್ತು.

ಹಿಂದಿನ ಗೋಡೆ

ಮೋಟಾರು ನೇತಾಡೋ ಹಿಂದಿನ ಗೋಡೆಗೆ ಟ್ರಾನ್ಸಮ್ ಅಂತಾರೆ. ಹಳೇ ಫೈಬರ್ ದೋಣಿಗಳಲ್ಲಿ ಅದರ ತಿರುಳು ಸಾಮಾನ್ಯವಾಗಿ ಪ್ಲೈವುಡ್, ಮೇಲೆ ಫೈಬರ್ ಹೊದಿಕೆ. ಹೊದಿಕೆ ಹೊಳೀತಿದ್ದರೂ ಒಳಗೆ ಮರ ಕೊಳೆತಿರಬಹುದು. ನೀರು ಹೋಗೋದು ಎಲ್ಲಿಂದ? ಸ್ಕ್ರೂ ತೂತುಗಳಿಂದ. ಸೋನಾರ್ ಸೆನ್ಸರಿನದು ಅಂತ ಆಗ ಹೇಳಿದ್ವಲ್ಲ, ಅದೂ ಒಂದು. ಒಬ್ಬರು ಒಂದು ಸೋನಾರ್ ಕೂರಿಸ್ತಾರೆ, ಐದು ವರ್ಷಕ್ಕೆ ಅದನ್ನ ತೆಗೆದು ಇನ್ನೊಂದು ಕೂರಿಸ್ತಾರೆ, ಹಳೇ ತೂತಿಗೆ ಸೀಲೆಂಟ್ ಹಾಕೋದು ಮರೀತಾರೆ.

ಈ ಗೋಡೆಯ ಮೇಲೆ ಎಷ್ಟು ಹೊರೆ ಬೀಳುತ್ತೆ ಅಂತ ನಾವೇ ಒಂದು ಅಂದಾಜು ಹಾಕಿದ್ವಿ. 90 ಎಚ್‌ಪಿ ಅಂದರೆ 67 ಕಿಲೋವ್ಯಾಟ್. ಪ್ರೊಪೆಲ್ಲರ್ ದಕ್ಷತೆ 60 ಶೇಕಡಾ ಅಂತಿಟ್ಟುಕೊಂಡು, ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ತಳ್ಳುವ ಬಲ ಸುಮಾರು 2200 ನ್ಯೂಟನ್. ಇದು ಕ್ಲಾಂಪಿಗಿಂತ ಅರ್ಧ ಮೀಟರ್ ಕೆಳಗೆ ಅಂದರೆ 1100 ನ್ಯೂಟನ್ ಮೀಟರ್ ಮೊಮೆಂಟ್. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 110 ಕಿಲೋ ತೂಕದವರು ಜೋತುಬಿದ್ದ ಹಾಗೆ. ಇದು ನಯವಾದ ನೀರಿನಲ್ಲಿ. ಅಲೆಗೆ ಎಗರಿ ಬಿದ್ದರೆ ಲೆಕ್ಕ ಬೇರೆ. ಕೊಳೆತ ಪ್ಲೈವುಡ್ಡು ಇದನ್ನ ಎಷ್ಟು ದಿನ ತಡೆಯುತ್ತೆ?

ಪರೀಕ್ಷೆ ಮಾಡೋಕೆ ರಬ್ಬರ್ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ಮರ ಟಣ್ ಅನ್ನುತ್ತೆ, ಕೊಳೆತದ್ದು ಧಪ್ ಅನ್ನುತ್ತೆ. ತೆಂಗಿನಕಾಯಿ ಕೊಳ್ಳೋವಾಗ ತಟ್ಟಿ ನೋಡೋ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಆಮೇಲೆ ಮೋಟಾರನ್ನ ಸ್ವಲ್ಪ ಮೇಲಕ್ಕೆ ಎತ್ತಿದ ಸ್ಥಿತಿಯಲ್ಲಿಟ್ಟು ಕೆಳತುದಿಯನ್ನ ಮೇಲೆ ಕೆಳಗೆ ಒತ್ತಬೇಕು, ಇನ್ನೊಬ್ಬರು ಗೋಡೆಯನ್ನೇ ನೋಡ್ತಿರಬೇಕು. ಮೋಟಾರಿನ ಜೊತೆ ಗೋಡೆಯೂ ಅಲ್ಲಾಡಿದರೆ, ಮೂಲೆಗಳಲ್ಲಿ ಬಿರುಕು ಬಾಯಿ ಬಿಟ್ಟರೆ, ಮಾತುಕತೆ ಅಲ್ಲಿಗೇ ನಿಲ್ಲಿಸಬಹುದು.

ಇದೇ ಥರ ಕಣ್ಣಿಗೆ ಕಾಣದ ಇನ್ನೊಂದು ಜಾಗ ನೆಲದ ಹಲಗೆಯ ಕೆಳಗಿನ ಫೋಮ್. ಅಮೆರಿಕದ 1971ರ ದೋಣಿ ಸುರಕ್ಷತಾ ಕಾಯ್ದೆಯ ನಂತರ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳು ನೀರು ತುಂಬಿದರೂ ತೇಲಬೇಕು ಅನ್ನೋ ನಿಯಮ ಬಂತು. ಎಷ್ಟು ಜನ, ಎಷ್ಟು ತೂಕ ಅಂತ ಬರೆದ ಫಲಕವೂ ಕಡ್ಡಾಯವಾಯ್ತು. ತೇಲಿಸೋದು ಆ ಫೋಮ್. ಹತ್ತಾರು ವರ್ಷ ಒದ್ದೆಯಲ್ಲಿ ಕೂತ ಫೋಮ್ ನೀರು ಕುಡಿಯುತ್ತೆ. 100 ಲೀಟರ್ ಕುಡಿದರೆ 100 ಕಿಲೋ ಹೆಚ್ಚುವರಿ ತೂಕ, ಜೊತೆಗೆ ಅಷ್ಟೇ ತೇಲುವ ಬಲ ನಷ್ಟ. ಆರ್ಕಿಮಿಡೀಸ್ ಎರಡೂ ಕಡೆಯಿಂದ ಹೊಡೀತಾನೆ. ನಮ್ಮ ಸಲಹೆ ಸುಲಭ: ಟ್ರೇಲರ್ ಸಮೇತ ತೂಕದ ಸೇತುವೆಗೆ ಹೋಗಿ, ದೋಣಿ, ಮೋಟಾರು, ಟ್ರೇಲರಿನ ಕ್ಯಾಟಲಾಗ್ ತೂಕ ಕಳೆದು ನೋಡಿ. ನಮ್ಮಲ್ಲೊಬ್ಬ "ಇಷ್ಟೆಲ್ಲಾ ಯಾರು ಮಾಡ್ತಾರೆ" ಅಂದ. ಎಂಟು ವರ್ಷದ ಮಗಳಿರೋ ಅಪ್ಪ ಮಾಡ್ತಾರೆ ಅಂತ ಮಿಕ್ಕವರು ಅಂದ್ವಿ.

ವೈರು, ಪೆಟ್ರೋಲು

ಇಸಿ ಗೆಳತಿಯ ಪಾಲಿಗೆ ಬಂದದ್ದು ಟ್ರೋಲಿಂಗ್ ಮೋಟಾರು. ಬೊಡ್ಡೆಗಳ ನಡುವೆ ಸದ್ದಿಲ್ಲದೆ ಸರಿಯೋಕೆ ದೋಣಿಯ ಮುಂದೆ ಇರೋ ಎಲೆಕ್ಟ್ರಿಕ್ ಮೋಟಾರು ಅದು. ಬ್ಯಾಟರಿ ಹಿಂದೆ, ಮೋಟಾರು ಮುಂದೆ, ಹೋಗಿಬರೋಕೆ 12 ಮೀಟರ್ ತಾಮ್ರ ಅಂತಿಟ್ಟುಕೊಳ್ಳಿ. 40 ಆಂಪಿಯರ್ ಹರಿದರೆ 10 ಚದರ ಮಿಲಿಮೀಟರ್ ವೈರಿನಲ್ಲಿ ಸುಮಾರು 0.8 ವೋಲ್ಟ್ ನಷ್ಟ, 33 ವ್ಯಾಟ್ ಶಾಖ. ಯಾರೋ ದುಡ್ಡು ಉಳಿಸೋಕೆ 4 ಚದರ ಮಿಲಿಮೀಟರ್ ವೈರು ಎಳೆದಿದ್ದರೆ 2 ವೋಲ್ಟ್ ನಷ್ಟ, 80 ವ್ಯಾಟ್‌ಗೂ ಮೇಲೆ ಶಾಖ, ಅದೂ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಹಾದುಹೋಗೋ ವೈರು. ಅವಳ ತೀರ್ಪು: ಟೇಪ್ ಸುತ್ತಿದ ಜೋಡಣೆಗಳು ಕಂಡರೆ ಎಲ್ಲಾ ಕಿತ್ತು ಹೊಸದು, ಬ್ಯಾಟರಿ ಪಕ್ಕದಲ್ಲೇ ಸರ್ಕಿಟ್ ಬ್ರೇಕರ್.

ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 10 ಶೇಕಡಾ ಎಥನಾಲ್. ಇ20 ಬಗ್ಗೆ ಕ್ಯಾಂಟೀನಿನಲ್ಲಿ ಜಗಳ ಆಡೋ ನಮಗೆ ವಿಷಯ ಗೊತ್ತಿದ್ದದ್ದೇ. ಎಥನಾಲ್ ನೀರನ್ನ ಹೀರುತ್ತೆ, ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ತಿಂಗಳುಗಟ್ಟಲೆ ನಿಲ್ಲುವ ದೋಣಿಗೆ ಇದು ಬೈಕಿಗಿಂತ ದೊಡ್ಡ ತಲೆನೋವು. ಇಂಜಿನ್ನಿನ ಆರೋಗ್ಯಕ್ಕೆ ಕಂಪ್ರೆಷನ್ ಟೆಸ್ಟ್: ಎಲ್ಲಾ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರ್ ಅಳೆಯಬೇಕು. ಸಂಖ್ಯೆ ಎಷ್ಟು ಅನ್ನೋದಕ್ಕಿಂತ ಒಂದಕ್ಕೊಂದು 10 ಶೇಕಡಾ ಒಳಗಿವೆಯಾ ಅನ್ನೋದು ಮುಖ್ಯ.

ಟ್ರೇಲರ್ ಚಕ್ರದ ಬೇರಿಂಗಿಗೆ ಗ್ರೀಸ್ ಹಾಕಿ. ಬಿಸಿ ಹಬ್ಬನ್ನ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನ ಎಳೆದುಕೊಳ್ಳುತ್ತೆ, ಅಷ್ಟೇ ವಿಷಯ.

ಕೆಂಪು ದಾರ

ಚಿಕ್ಕಪ್ಪನಿಗೆ ನಾವು ಮೊದಲು ಹೇಳಿದ್ದು ಮಾತ್ರ ಇದ್ಯಾವುದೂ ಅಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಕಿಲ್ ಸ್ವಿಚ್ ಇರುತ್ತೆ, ಅದರಿಂದ ಒಂದು ಸುರುಳಿ ದಾರ, ಸಾಮಾನ್ಯವಾಗಿ ಕೆಂಪು. ಓಡಿಸೋರು ಅದನ್ನ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳಬೇಕು. ಬೊಡ್ಡೆಗೆ ಗುದ್ದಿ ಓಡಿಸೋರು ನೀರಿಗೆ ಬಿದ್ದರೆ ದಾರ ಕಿತ್ತು ಇಂಜಿನ್ ನಿಲ್ಲುತ್ತೆ. ಸಿಕ್ಕಿಸಿಕೊಂಡಿಲ್ಲ ಅಂದ್ರೆ? ಪ್ರೊಪೆಲ್ಲರಿನ ಟಾರ್ಕ್‌ನಿಂದ ಸ್ಟೀರಿಂಗ್ ಒಂದು ಕಡೆ ತಿರುಗಿ, ದೋಣಿ ಗುಂಡಗೆ ಸುತ್ತು ಹೊಡೆದು, ಬಿದ್ದವರ ಕಡೆಗೇ ವಾಪಸ್ ಬರಬಹುದು. ಒಳಗೆ ಮಗು ಒಂದೇ ಉಳಿದಿರುತ್ತೆ. ಟೆಕ್ಸಾಸಿನಲ್ಲಿ 2019ರಿಂದ, ಇಡೀ ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ, ಸ್ವಿಚ್ ಇರುವ ಚಿಕ್ಕ ದೋಣಿಗಳು ವೇಗವಾಗಿ ಹೋಗುವಾಗ ಇದನ್ನ ಬಳಸೋದು ಕಾನೂನು. ಪರೀಕ್ಷೆ ಅರ್ಧ ನಿಮಿಷದ್ದು: ಇಂಜಿನ್ ಐಡಲ್ಲಿನಲ್ಲಿದ್ದಾಗ ದಾರ ಎಳೀರಿ, ತಕ್ಷಣ ನಿಲ್ಲಬೇಕು. ಟೆಕ್ಸಾಸಿನಲ್ಲಿ 13 ವರ್ಷದೊಳಗಿನ ಮಕ್ಕಳು ಇಂಥ ದೋಣಿ ಸಾಗುವಾಗ ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು. ಸೀಟಿನ ಕೆಳಗೆ ಇಟ್ಟರೆ ಆಗಲ್ಲ.

ನಮ್ಮ ಒಟ್ಟು ಅಭಿಪ್ರಾಯ ಹೀಗೆ ಕಳಿಸಿದ್ವಿ. ಇಂಪೆಲ್ಲರ್, ಬೇರಿಂಗ್, ಬ್ಯಾಟರಿ, ವೈರು, ಪ್ರೊಪೆಲ್ಲರ್ ಹಬ್ ಹೋಗಿದ್ದರೆ ಬೆಲೆ ಇಳಿಸಿ ಕೊಳ್ಳಿ. ಸೀಲು ಹೋಗಿದ್ದರೆ ಗೇರು ನೋಡಿ ತೀರ್ಮಾನಿಸಿ. ಟ್ರಾನ್ಸಮ್ ಕೊಳೆತಿದ್ದರೆ, ಫೋಮ್ ನೀರು ಕುಡಿದಿದ್ದರೆ, ಒಂದು ಸಿಲಿಂಡರ್ ಸೋತಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಅವರಿಗೆ ದೋಣಿಯ ಬಣ್ಣ ಬಹಳ ಹಿಡಿಸಿದೆ, ಏನು ಮಾಡ್ತಾರೋ ನೋಡಬೇಕು.

ಹಿಡಿದ ಮೀನಿನ ಬಗ್ಗೆ ಹೇಳದೆ ಬಿಟ್ಟರೆ ಪಾಠ ಅರ್ಧ ಆಗುತ್ತೆ. ಬಾಸ್ ಟೂರ್ನಮೆಂಟುಗಳನ್ನ ಬೆಳೆಸಿದ ಅಲಬಾಮಾದ ರೇ ಸ್ಕಾಟ್ 1972ರಲ್ಲಿ ಹಿಡಿದ ಮೀನನ್ನ ಜೀವಂತ ವಾಪಸ್ ಬಿಡೋ ಪದ್ಧತಿ ತಂದರು. ಲೇಕ್ ಫೋರ್ಕಿನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್‌ಗಳನ್ನ ಬಿಡಲೇಬೇಕು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗಿದ ಕೈ ಮೀನಿನ ಮೈಯ ಲೋಳೆಯನ್ನ ಕಿತ್ತುಬಿಡುತ್ತೆ. ದೊಡ್ಡ ಮೀನನ್ನ ದವಡೆಯಿಂದ ಮಾತ್ರ ನೇತುಹಾಕಿ ಫೋಟೋ ತೆಗೆಯಬೇಡಿ. ಹೊಟ್ಟೆಯ ಕೆಳಗೆ ಇನ್ನೊಂದು ಕೈ ಇರಲಿ.

ಇನ್ನೊಂದು ಮಾತು. ಅಮೆರಿಕದ ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸ್ ಬಾಸ್‌ನ ವಿಶ್ವದಾಖಲೆಯನ್ನ 2009ರಲ್ಲಿ ಸರಿಗಟ್ಟಿದ ಮೀನು ಸಿಕ್ಕಿದ್ದು ಜಪಾನಿನ ಬಿವಾ ಸರೋವರದಲ್ಲಿ. ಅದು ಬಾಸ್‌ನ ಊರೇ ಅಲ್ಲ. 1925ರಲ್ಲಿ ಅಮೆರಿಕದಿಂದ ಜಪಾನಿಗೆ ತಂದದ್ದು, ಅಲ್ಲಿನ ಮೂಲ ಮೀನುಗಳನ್ನ ತಿನ್ನುತ್ತಾ ಹರಡಿತು. 2005ರಲ್ಲಿ ಜಪಾನ್ ಅದನ್ನ ಅಪಾಯಕಾರಿ ಪರಕೀಯ ಜೀವಿಗಳ ಪಟ್ಟಿಗೆ ಸೇರಿಸಿತು. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆಗಳಿಗೆ ಏನು ಮಾಡಿದೆ ಅಂತ ಗೊತ್ತಿರೋ ನಾವು "ಇಲ್ಲೂ ಬಾಸ್ ತಂದು ಬಿಟ್ರೆ ಮಜಾ ಇರುತ್ತಲ್ವಾ" ಅನ್ನೋ ಮಾತನ್ನ ಗ್ರೂಪಿನಲ್ಲಿ ಒಬ್ಬನ ಬಾಯಿಂದ ಬಂದಾಗಲೇ ತಡೆದಿದ್ದೇವೆ.

ಪರಕೀಯ ಜೀವಿಗಳು ಮೀನಾಗಿಯೇ ಬರಬೇಕಂತಿಲ್ಲ. ಜೀಬ್ರಾ ಮಸೆಲ್ ಅನ್ನೋ ಸಣ್ಣ ಚಿಪ್ಪುಜೀವಿಯ ಮರಿಗಳು ದೋಣಿಯೊಳಗೆ ಉಳಿದ ನೀರಿನಲ್ಲೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಅದಕ್ಕೇ ಟೆಕ್ಸಾಸಿನಲ್ಲಿ ಜಲಾಶಯ ಬಿಡುವಾಗ ದೋಣಿಯ ನೀರೆಲ್ಲಾ ಖಾಲಿ ಮಾಡಬೇಕು. ಹಿಂದಿನ ಡ್ರೈನ್ ಪ್ಲಗ್ ತೆಗೆದರೆ ನೀರು ಇಳಿಯುತ್ತೆ. ಮುಂದಿನ ವಾರ ಅದನ್ನ ವಾಪಸ್ ಹಾಕದೆ ದೋಣಿ ನೀರಿಗಿಳಿಸೋದು ದೋಣಿ ಇಟ್ಟವರ ಲೋಕದ ಅತಿ ಹಳೇ ಜೋಕು. ಪ್ಲಗ್ಗನ್ನ ಇಂಜಿನ್ನಿನ ಕೀ ಜೊತೆಗೇ ಕಟ್ಟಿಡಿ ಅಂತ ಚಿಕ್ಕಪ್ಪನಿಗೆ ಬರೆದಿದ್ದೇವೆ.